ನಿನ್ನೆಯ ಮಾತ್ರೆ

ಸಿಂಗಸಂದ್ರದಲ್ಲಿ ನನ್ನದು ಹಳೆ ಆಫೀಸ್ ಕುರ್ಚಿಗಳ ಅಂಗಡಿ. ಕಂಪನಿಗಳು ಜಾಗ ಖಾಲಿ ಮಾಡುವಾಗ ಚೌಕಾಸಿ ಮಾಡಿ ಎತ್ತುತ್ತೇನೆ, ರಿಪೇರಿ ಮಾಡಿ ಮಾರುತ್ತೇನೆ. ಕೊಳ್ಳಲು ಬಂದವರಿಗೆ ಬೆನ್ನುನೋವಿಗೆ ಏನು ಮಾಡಬೇಕೆಂದೂ ಹೇಳಿ ಕಳಿಸುತ್ತೇನೆ. ಯಾರೂ ಕೇಳಿರುವುದಿಲ್ಲ.

ಹೆಂಡತಿ ಬೊಮ್ಮಸಂದ್ರದ ಕಾರ್ಖಾನೆಯೊಂದರಲ್ಲಿ ಪ್ಯಾಕಿಂಗ್ ಕೆಲಸಕ್ಕೆ ಹೋಗುತ್ತಾಳೆ. ಅವಳಿಗೆ ಬಿಪಿ, ದಿನಾ ತಿಂಡಿಯಾದ ಮೇಲೆ ಒಂದು ಮಾತ್ರೆ. ಶಿಫ್ಟ್ ಬದಲಾದ ವಾರ ತಿಂಡಿಯ ಹೊತ್ತೇ ಏರುಪೇರಾಗಿ, ಒಂದು ದಿನ ಮಾತ್ರೆ ಮರೆತಳು. ಮರುದಿನ ಕೆಲಸಕ್ಕೆ ಹೊರಡುವಾಗ ನೆನಪಾಯಿತು.

“ರೀ, ನಿನ್ನೆದು ತಗೊಂಡೇ ಇಲ್ಲ. ಡಾಕ್ಟ್ರಿಗೆ ಫೋನ್ ಮಾಡ್ಲಾ?”

“ಇಷ್ಟಕ್ಕೆಲ್ಲ ಡಾಕ್ಟ್ರು ಯಾಕೆ? ಎರಡೂ ಸೇರಿಸಿ ನುಂಗು, ಸರಿಹೋಗುತ್ತೆ.”

ಕಳಿಸಲು ಬಾಕಿಯಾದ ಕುರ್ಚಿಯನ್ನು ಮರುದಿನದ ಲೋಡಿಗೆ ಸೇರಿಸುವುದು ನಮ್ಮಲ್ಲಿ ರೂಢಿ. ಮೈಗೂ ಅದೇ ಲೆಕ್ಕ ಅಂದುಕೊಂಡೆ.

ಅವಳು ಎರಡೂ ನುಂಗಿ ಹೊರಟಳು. ಕಂಪನಿ ಬಸ್ಸಿನಿಂದ ಇಳಿಯುವಾಗ ಕಣ್ಣು ಕತ್ತಲಿಟ್ಟು ಬಿದ್ದಳು. ಹುಬ್ಬು ಒಡೆದು ಹೊಲಿಗೆ ಹಾಕಬೇಕಾಯಿತು.

ಡಾಕ್ಟರ್ ಬಿಪಿ ನೋಡಿ, ತೀರಾ ಇಳಿದಿದೆ ಎಂದು ಮುಖ ಗಂಟಿಕ್ಕಿದರು. “ಎರಡು ಒಟ್ಟಿಗೆ ತಗೊಳ್ಳಿ ಅಂತ ಯಾರಮ್ಮ ಹೇಳಿದ್ದು?”

“ಯಾರೂ ಇಲ್ಲ ಸಾರ್. ನಾನೇ ದಡ್ಡಿ.”

ನಾನು ಅವಳ ಬ್ಯಾಗ್ ಹಿಡಿದು ಪಕ್ಕದಲ್ಲೇ ಕೂತಿದ್ದೆ. ಗೋಡೆಯ ಕ್ಯಾಲೆಂಡರ್ ನೋಡಿದೆ.

ಡಾಕ್ಟರ್ ಅವಳಿಗೆ ಹೇಳಿದರು: “ಮರೆತಿದ್ದು ಮಾರನೇ ದಿನ ನೆನಪಾದ್ರೆ ಅದನ್ನ ಬಿಟ್ಬಿಡಿ. ಅವತ್ತಿಂದು ಒಂದೇ ತಗೊಳ್ಳಿ. ಬಿದ್ದೆ ಅಂತ ಹೆದರಿ ನೀವಾಗೇ ಮಾತ್ರೆ ನಿಲ್ಲಿಸಬೇಡಿ, ಅದೂ ಅಪಾಯ. ಅನುಮಾನ ಬಂದ್ರೆ ಫೋನ್ ಮಾಡಿ.”

ಓದುವವರೂ ಇಷ್ಟು ನೆನಪಿಡಿ. ಇದು ನನ್ನ ಸಲಹೆಯಲ್ಲ, ಅವರದು.

ಆಟೋದಲ್ಲಿ ಅವಳು ಹೊರಗೆ ನೋಡುತ್ತಲೇ ಹೇಳಿದಳು: “ನಿಮ್ಮ ಬಾಯಿ ಮುಚ್ಚಿದ್ದು ಇವತ್ತೇ ನೋಡಿದ್ದು ಕಣ್ರೀ.”

ನಗಲು ಹೋದೆ, ಆಗಲಿಲ್ಲ. ಎದುರಿನವರ ಮುಖ ನೋಡಿಯೇ ಎಷ್ಟಕ್ಕೆ ಒಪ್ಪುತ್ತಾರೆಂದು ಹೇಳುವವನು ನಾನು. ಅವತ್ತು ಪಕ್ಕದಲ್ಲಿದ್ದವಳ ಮುಖದ ಕಡೆ ತಿರುಗಲಾಗಲಿಲ್ಲ. ಮನೆಯಲ್ಲಿ ಅವಳು ಕೇಳುವ ಮೊದಲೇ ನೀರು ತಂದುಕೊಟ್ಟೆ, ಅಡುಗೆ ಮಾಡಿದೆ. ಹೇಳಬೇಕಾದದ್ದನ್ನು ಮಾತ್ರ ಹೇಳಲಿಲ್ಲ.

ಹೊಲಿಗೆ ಬಿಚ್ಚಿಸಲು ಹೋದ ದಿನ ಡಾಕ್ಟರ್ ಮತ್ತೆ ಅವಳಿಗೇ ಬುದ್ಧಿ ಹೇಳತೊಡಗಿದರು. ಅವಳು ತಲೆ ತಗ್ಗಿಸಿ ಹೂಂಗುಡುತ್ತಿದ್ದಳು. ನನಗೆ ತಡೆಯಲಾಗಲಿಲ್ಲ.

“ಸಾರ್, ಅವಳಲ್ಲ. ಅವಳು ನಿಮಗೆ ಫೋನ್ ಮಾಡ್ತೀನಿ ಅಂದ್ಲು. ಬೇಡ ಅಂದಿದ್ದು ನಾನು.”

ಅವರು ನನ್ನನ್ನೊಮ್ಮೆ ನೋಡಿ, ಹತ್ತಿ ಕೈಗೆತ್ತಿಕೊಂಡರು.

ಹೊರಗೆ ಚಪ್ಪಲಿ ಮೆಟ್ಟುತ್ತಾ ಅವಳು ಕೇಳಿದಳು, “ಅವತ್ತೇ ಹೇಳಿದ್ರೆ ಏನಾಗ್ತಿತ್ತು?”

ಅವಳ ಕೈಯಿಂದ ಬ್ಯಾಗ್ ತೆಗೆದುಕೊಳ್ಳಲು ಹೋದೆ. ಅವಳು ಕೊಡಲಿಲ್ಲ.