ಪಕ್ಕದ ಸೀಟಿನ ಗಸ್

ಲಾಸ್ ಏಂಜಲೀಸಿನ ಹೆದ್ದಾರಿಯಲ್ಲಿ, ಇಬ್ಬರಾದರೂ ಕೂತಿರುವ ಕಾರಿಗೆಂದು ಮೀಸಲಿಟ್ಟ ಎಡತುದಿಯ ಲೇನಿನಲ್ಲಿ ಒಂಟಿಯಾಗಿ ನುಗ್ಗುವ ಜನರಿದ್ದಾರಲ್ಲ, ವರ್ಲಿನ್ ಟ್ಯಾಕೆಟ್ ಆ ವಂಶದ ಕುಲತಿಲಕ. ಅವನ ಪಕ್ಕದ ಸೀಟಿನಲ್ಲಿ ಬೆಲ್ಟು ಬಿಗಿಸಿಕೊಂಡು ಕೂತಿರುವುದು ಬಟ್ಟೆ ಅಂಗಡಿಯ ಹಳೆಯ ಗೊಂಬೆ, ಹೆಸರು ಗಸ್. ಬಿಸಿಲಿಗೆ ಅದಕ್ಕೊಂದು ಟೋಪಿ, ಚಳಿಗೆ ಮಫ್ಲರ್, ಬಾಣಂತಿಗೂ ಇಲ್ಲದ ಆರೈಕೆ. ಬೈಕಿನ ಪೊಲೀಸಮ್ಮ ಇಬಾರಾ ಕಂಡರೆ ಸಾಕು, ಗಸ್ ಏನೋ ತಮಾಷೆ ಹೇಳಿದನೆಂಬಂತೆ ವರ್ಲಿನ್ ಬಿದ್ದು ಬಿದ್ದು ನಗುತ್ತಾನೆ. ಅವಳು ಅವನ ಕಾರನ್ನು ತಡೆದು, "ನಿಮ್ಮ ಸ್ನೇಹಿತರು ಮಾತೇ ಆಡಲ್ವಲ್ಲ?" ಅನ್ನುತ್ತಾಳೆ. "ಹೆಂಡ್ತಿ ಬಿಟ್ಟುಹೋದ್ಮೇಲೆ ಹಿಂಗಾಗ್ಬಿಟ್ಟ ಮೇಡಂ." "ಪಾಪ. ಕತ್ತು ಬೆನ್ನಿನ ಕಡೆ ತಿರುಗಿದೆ, ಸರಿಮಾಡಿ," ಎಂದು ದಂಡದ ಚೀಟಿ ಹರಿದುಕೊಡುತ್ತಾಳೆ. ಅವನು ಅದನ್ನು ಗಸ್‌ನ ಜೇಬಿಗೇ ತುರುಕಿ ಮತ್ತೆ ಹಾರುತ್ತಾನೆ. ಇಷ್ಟು ಆತುರ ಏಕೆಂದರೆ, ಮಗಳು ಒಡೆಸ್ಸಾಳನ್ನು ಶಾಲೆಯಿಂದ ಅವಳ ತಾಯಿಯ ಮನೆಗೆ ಮುಟ್ಟಿಸುವ ದಾರಿಯಷ್ಟನ್ನೇ ವಿಚ್ಛೇದನದ ಕೋರ್ಟು ಅವನ ಪಾಲಿಗೆ ಕೊಟ್ಟಿರುವುದು. ಶಾಲೆ ಮುಟ್ಟುವುದು ತಡವಾದರೆ ತಾಯಿಯೇ ಬಂದು ಕರೆದೊಯ್ಯುತ್ತಾಳೆ. ಮಗಳು ಹತ್ತಿದೊಡನೆ ಗಸ್ ಡಿಕ್ಕಿಗೆ ಹೋಗುತ್ತಾನೆ. ಒಂದು ಸಂಜೆ, ಬಲತುದಿಯ ನಿಧಾನದ ಲೇನಿನಲ್ಲಿ ಲಾರಿಗಳ ಹಿಂದೆ ತೆವಳುತ್ತಿದ್ದ ಅವನ ಕಾರಿನ ಪಕ್ಕಕ್ಕೆ ಇಬಾರಾ ಬೈಕು ತಂದಳು. ಹಿಂದಿನ ಸೀಟಿನಲ್ಲಿ ಒಡೆಸ್ಸಾ ಕೈ ತಿರುಗಿಸುತ್ತ ಶಾಲೆಯ ಕಥೆ ಹೇಳುತ್ತಿದ್ದಳು. "ಇವತ್ತು ನಿಜವಾಗ್ಲೂ ಇಬ್ರಿದ್ದೀರಲ್ರೀ, ಆ ಲೇನಿಗೆ ಹೋಗಿ." "ಬೇಡ ಮೇಡಂ," ಅಂದ ವರ್ಲಿನ್, "ಅದರಲ್ಲಿ ಹೋದ್ರೆ ಮನೆ ಬೇಗ ಬಂದ್ಬಿಡುತ್ತೆ."