ಕಾರ್ಕ್ ಕುದುರೆ

ಕಪ್ಪು ರಾಜ ಒಂದೇ ಒಂದು ಮನೆ ಮೂಲೆಗೆ ಸರಿದುಬಿಟ್ಟರೆ? ಬೆಳಗಿನಿಂದ ಅವಳ ತಲೆಯನ್ನು ಕೊರೆಯುತ್ತಿದ್ದುದು ಇದೊಂದೇ. ಚಿಂತೆಗಳಿಗೆ ಅವಳಲ್ಲಿ ಎಂದೂ ಬರವಿರಲಿಲ್ಲ. ಎರಡೂವರೆ ತಿಂಗಳ ಮಗಳು ನಿದ್ದೆಹೋದರೆ ಮೂಗಿನ ಕೆಳಗೆ ಬೆರಳಿಟ್ಟು ಉಸಿರು ನೋಡುವುದು, ಬಾಗಿಲ ಚಿಲಕವನ್ನು ಮೂರು ಸಲ ಮುಟ್ಟುವುದು, ಫೋನು ಗಂಟೆ ಹೊಡೆದು ಮಗು ಎದ್ದೀತೆಂದು ಅದಕ್ಕೆ ಟವೆಲು ಸುತ್ತಿಡುವುದು, ಎಲ್ಲ ದಿನದ ಪಾಡು. ಇವತ್ತು ಮಾತ್ರ ಮಗುವಿನ ಮೂಗಿಗೆ ಬೆರಳಿಟ್ಟಾಗಲೂ ಕಣ್ಣಿಗೆ ಕಟ್ಟುತ್ತಿದ್ದುದು ಆ ರಾಜನೇ.

ಕಾರಣ, ಬೆಳಗ್ಗೆ ಎದುರುಮನೆ ಆಂಟಿ ತಂದುಕೊಟ್ಟ ಪತ್ರಿಕೆ.

"ನಿಮ್ಮಣ್ಣ ಪೇಪರಲ್ಲಿ ಬಂದಿದಾನೆ ಕಣೆ," ಎಂದು ಆಂಟಿ ಪುಟ ತಿರುಗಿಸಿ ತೋರಿಸಿದ್ದರು. "ನಮ್ಮ ಲಿಫ್ಟ್ ಕೆಟ್ಟು ನಿಂತು ವಾರ ಆಯ್ತು. ಕೇಳಿದ್ರೆ ನಾಳೆ ನಾಳೆ ಅಂತಿದ್ದ. ಅಲ್ಲಿ ಹೋಗಿ ಕುದುರೆ ಓಡಿಸ್ತಿದಾನೆ ನೋಡು, ನಾವಿಲ್ಲಿ ಮೆಟ್ಟಿಲು ಹತ್ತಿ ಸಾಯ್ತಿದೀವಿ."

ಲಿಫ್ಟ್ ಮೆಕ್ಯಾನಿಕ್ ಅಣ್ಣ ಪರಊರಿನ ಚೆಸ್ ಟೂರ್ನಮೆಂಟಿನಲ್ಲಿ ದೇಶದ ಅಗ್ರ ಗ್ರ್ಯಾಂಡ್‌ಮಾಸ್ಟರನ್ನು ಮೂವತ್ತೊಂದು ನಡೆಗಳಲ್ಲಿ ಸೋಲಿಸಿದ್ದ. ಹದಿನೈದನೆಯ ನಡೆಯಲ್ಲಿ ಬೇಕೆಂದೇ ಒಂದು ಕುದುರೆಯನ್ನು ಎದುರಾಳಿಯ ಬಾಯಿಗಿಟ್ಟ. ಗ್ರ್ಯಾಂಡ್‌ಮಾಸ್ಟರ್ ಅದನ್ನು ತಿಂದ. ಅಲ್ಲಿಂದ ಮುಂದೆ ಅವನ ರಾಜನಿಗೆ ನಿಲ್ಲಲು ನೆಲೆ ಸಿಗಲಿಲ್ಲ.

ಓದಿದ ಕೂಡಲೇ ಅವಳ ಮೈ ಜುಮ್ಮೆಂದಿತು. ಕ್ಷಣಕಾಲ ಅದು ಹಿಗ್ಗೇ ಆಗಿತ್ತು. ಮರುಕ್ಷಣ, ಅರೇ, ಇದು ಕಾರ್ಕ್ ಅಲ್ಲವೇ, ಎನಿಸಿತು.

ಅವರಪ್ಪ ಹಳೆ ಸಾಮಾನಿನ ಅಂಗಡಿಯಿಂದ ತಂದ ಚೆಸ್ ಸೆಟ್ಟಿನಲ್ಲಿ ಬಿಳಿ ಕುದುರೆಯೊಂದು ಇರಲಿಲ್ಲ. ಔಷಧಿ ಬಾಟಲಿಯ ಕಾರ್ಕನ್ನು ಅದರ ಮನೆಯಲ್ಲಿ ನಿಲ್ಲಿಸಿಕೊಂಡು ಅಣ್ಣತಂಗಿ ಮೆಟ್ಟಿಲ ಮೇಲೆ ಆಡುತ್ತಿದ್ದರು. ಅವನು ದಡಬಡ ಆಡುವವನು. ಅವಳು ಒಂದೊಂದು ನಡೆಯನ್ನೂ ಹತ್ತು ಸಲ ಹೊತ್ತು ತಿರುಗುವವಳು, ಅದಕ್ಕೇ ಅವನಿಟ್ಟ ಹೆಸರು 'ಇರುವೆ'. ಶಾಲೆಯಲ್ಲಿ ಇಬ್ಬರಿಗೂ ಬಹುಮಾನದ ಕಪ್‌ಗಳು ಬಂದವು. ಆಮೇಲೆ ಅವಳು ಔಷಧಿ ಅಂಗಡಿಯ ಕೌಂಟರಿಗೆ ಸೇರಿದಳು. ಟೂರ್ನಮೆಂಟಿಗೆಂದು ಹತ್ತು ದಿನ ರಜೆ ಕೊಡುವ ಔಷಧಿ ಅಂಗಡಿ ಎಲ್ಲಿದೆ? ಅಣ್ಣ ಆಡಲು ಹೋಗುತ್ತಿದ್ದ, ಅವಳು ಭಾನುವಾರ ಮೂರರಿಂದ ಆರರವರೆಗೆ ಅವನೊಂದಿಗೆ ಕೂತು ಅವನ ಆಟಗಳನ್ನು ತಿದ್ದುತ್ತಿದ್ದಳು.

ಆರು ವರ್ಷದ ಹಿಂದೆ, ಗಿರಾಕಿಯಿಲ್ಲದ ಒಂದು ಮಧ್ಯಾಹ್ನ, ಕೆಮ್ಮಿನ ಸಿರಪ್ಪುಗಳ ಬಾಟಲಿ ಒರೆಸುತ್ತಿದ್ದಾಗ ಅವಳಿಗೆ ಹೊಳೆದಿತ್ತು: ಹದಿನೈದನೆಯ ನಡೆಯಲ್ಲಿ ಕಾರ್ಕನ್ನೇ, ಅಂದರೆ ಆ ಕುದುರೆಯನ್ನೇ, ಬಲಿ ಕೊಟ್ಟುಬಿಟ್ಟರೆ? ಸಂಜೆ ಅಣ್ಣನಿಗೆ ತೋರಿಸಿದಳು. ಅವನು ಅರ್ಧ ಗಂಟೆ ಬೋರ್ಡಿನ ಮೇಲಿಂದ ಕಣ್ಣೆತ್ತಲಿಲ್ಲ. "ಇದು ಬಾಂಬು ಕಣೆ ಇರುವೆ," ಎಂದ.

ಇಂಥ ಹೊಸ ನಡೆ ಒಂದೇ ಸಲ ಸಿಡಿಯುವಂಥದ್ದು. ಒಮ್ಮೆ ಆಡಿದರೆ ಮಾರನೆಯ ದಿನ ಅಚ್ಚಾಗಿ ಊರವರೆಲ್ಲರ ಸೊತ್ತಾಗುತ್ತದೆ. ಅದಕ್ಕೇ ನೀಲಿ ರಟ್ಟಿನ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ 'ಇಬ್ಬರೂ ಒಪ್ಪದೆ ಯಾರೂ ಆಡಕೂಡದು' ಎಂದು ಬರೆದು ಇಬ್ಬರೂ ಸಹಿ ಹಾಕಿದ್ದರು. ಅವಳು ಬಸುರಿಯಾದಾಗ ಅವನಾಗಿಯೇ ಹೇಳಿದ್ದ: "ಮೊದಲು ನೀನೇ ಆಡ್ಬೇಕು. ಮಗು ಆಗ್ಲಿ, ಆರು ತಿಂಗಳು ಕಳೀಲಿ, ಮಹಿಳೆಯರ ಚಾಂಪಿಯನ್‌ಶಿಪ್‌ಗೆ ನಾನೇ ಕರ್ಕೊಂಡು ಹೋಗ್ತೀನಿ. ಮಗೂನ ಎತ್ಕೊಂಡು ಹೊರಗಡೆ ಓಡಾಡೋ ಕೆಲ್ಸ ನಂದು."

ಪತ್ರಿಕೆಯವನು ಕೇಳಿದ್ದ, ಈ ನಡೆಯನ್ನು ಹುಡುಕಲು ಯಾರಾದರೂ ಜೊತೆಗಿದ್ದರೇ ಎಂದು. ಅಣ್ಣನ ಉತ್ತರ ಅಚ್ಚಾಗಿತ್ತು:

'ಯಾರೂ ಇಲ್ಲ. ನಾನೊಬ್ಬನೇ. ಲಿಫ್ಟಿನ ಕೆಳಗಿನ ಗುಂಡಿಯಲ್ಲಿ ಕೂತು ಕೇಬಲ್ ಪರೀಕ್ಷೆ ಮಾಡುವಾಗ ಹೊಳೆಯಿತು. ಕೊನೆಯ ಸುತ್ತಿನಲ್ಲೂ ಇದನ್ನೇ ಆಡುತ್ತೇನೆ, ತಡೆಯುವವರು ತಡೆಯಲಿ.'

ಅವಳು ಅಲಮಾರಿ ತೆಗೆದಳು. ಮಗುವಿನ ಬಟ್ಟೆಗಳ ಕೆಳಗೆ, ಶಾಲುಗಳ ಹಿಂದೆ, ಎಲ್ಲೂ ನೋಟ್‌ಬುಕ್ ಇರಲಿಲ್ಲ.

"ಅಮ್ಮ, ನನ್ನ ನೀಲಿ ನೋಟ್‌ಬುಕ್ ಎಲ್ಲಿ?"

ಮಗಳಿಗೆ ಆಸರೆಯಾಗಿ ಬಂದಿದ್ದ ಅಮ್ಮ ಅಡುಗೆಮನೆಯಿಂದಲೇ ಅಂದರು, "ಅಣ್ಣ ತಗೊಂಡ್ಹೋದ್ನಲ್ಲ, ನೀನು ಆಸ್ಪತ್ರೆಗೆ ಸೇರಿದ ದಿನ. ನಾನೇ ತೆಗೆದುಕೊಟ್ಟೆ."

"ನನಗ್ಯಾಕೆ ಹೇಳ್ಲಿಲ್ಲ?"

"ಹೇಳ್ಬೇಡ ಅಂದ. ಬಾಣಂತಿ ತಲೆ ಬಿಸಿ ಮಾಡ್ಕೊಂಡ್ರೆ ಹಾಲು ಬತ್ತುತ್ತೆ ಅಂದ. ಹೌದು ಅನ್ನಿಸ್ತು." ಅಮ್ಮ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದರು. "ಈಗೇನಾಯ್ತು? ಈ ಕೂಸನ್ನ ಕಟ್ಕೊಂಡು ನೀನೆಲ್ಲಿ ಆಡಕ್ಕೆ ಹೋಗ್ತೀಯ? ಅಣ್ಣ ಗೆದ್ರೆ ನೀನು ಗೆದ್ದ ಹಾಗೇ ಅಲ್ವಾ?"

"ಹಾಗಾದ್ರೆ ಪೇಪರಲ್ಲಿ ನನ್ನ ಫೋಟೊ ಯಾಕಿಲ್ಲ?"

ಅಮ್ಮ ಒಣಗಿದ್ದ ಬಟ್ಟೆಗಳನ್ನು ಮತ್ತೊಮ್ಮೆ ಮಡಿಸತೊಡಗಿದರು.

ನೋಟ್‌ಬುಕ್ ಹೋದದ್ದಕ್ಕಿಂತ ಭಾನುವಾರಗಳ ನೆನಪೇ ಅವಳಿಗೆ ಹೆಚ್ಚು ಚುಚ್ಚಿತು. ಈ ಎರಡೂವರೆ ತಿಂಗಳೂ ಅಣ್ಣ ತಪ್ಪದೆ ಬಂದಿದ್ದ. ಮಗುವನ್ನು ಭುಜದ ಮೇಲೆ ಹಾಕಿಕೊಂಡು ತೇಗು ಬರುವ ತನಕ ಬೆನ್ನು ಸವರಿದ್ದ. ಅವಳು ಬೋರ್ಡು ತೆಗೆಯಹೋದರೆ, "ಚೆಸ್ಸೆಲ್ಲ ಆಮೇಲೆ, ಮಲಕ್ಕೋ ಹೋಗು," ಎಂದಿದ್ದ. ಎಷ್ಟು ಅಕ್ಕರೆ ಎಂದುಕೊಂಡು ಅವಳು ನಿಜವಾಗಿಯೂ ಹೋಗಿ ಮಲಗಿದ್ದಳು.

ಆದರೆ ಒಂದು ಸಂಗತಿ ಆ ನೋಟ್‌ಬುಕ್ಕಿನಲ್ಲಿ ಇರಲಿಲ್ಲ. ಆಸ್ಪತ್ರೆಯಲ್ಲಿ ನೋವು ಬಂದು ಬಂದು ಹೋಗುತ್ತಿದ್ದ ಬೆಳಗ್ಗೆ, ಹಲ್ಲು ಕಚ್ಚಿಕೊಂಡು ಅವಳು ಮನಸ್ಸಿನಲ್ಲೇ ಕಾಯಿ ನಡೆಸುತ್ತಿದ್ದಳು. ಆಗ ಕಂಡಿತು. ಎದುರಾಳಿ ಕಾರ್ಕನ್ನು ಮುಟ್ಟದೆ ರಾಜನನ್ನು ಸುಮ್ಮನೆ ಮೂಲೆಗೆ ಸರಿಸಿದರೆ ಬಿಳಿಯ ದಾಳಿಯೆಲ್ಲ ಠುಸ್. ಕುದುರೆಯೂ ಉಳಿಯುವುದಿಲ್ಲ, ಆಟವೂ ಉಳಿಯುವುದಿಲ್ಲ. ನರ್ಸಿನಿಂದ ಪೆನ್ನು ಕೇಳಿ ಔಷಧಿ ಚೀಟಿಯೊಂದರ ಹಿಂದೆ ಬರೆದಿಟ್ಟಿದ್ದಳು. ಆಮೇಲಿನ ವಾರಗಳಲ್ಲಿ ಹಾಲೂಡಿಸುತ್ತ ಅದಕ್ಕೊಂದು ಪರಿಹಾರವನ್ನೂ ಹುಡುಕಿದ್ದಳು. ಕಾರ್ಕ್ ಕೊಡುವ ಮುನ್ನ ಆನೆಯನ್ನು ಒಂದು ಮನೆ ಪಕ್ಕಕ್ಕೆ ಇಟ್ಟುಕೊಂಡರೆ ಸಾಕು. ಅದೂ ಅದೇ ಚೀಟಿಯಲ್ಲಿ, ಕೆಳಗೆ, ಬೇರೆ ಶಾಯಿಯಲ್ಲಿ.

ಇವತ್ತು ಟೂರ್ನಮೆಂಟಿನಲ್ಲಿ ವಿಶ್ರಾಂತಿಯ ದಿನ. ನಾಳೆ ಬೆಳಗ್ಗೆ ಹತ್ತಕ್ಕೆ ಕೊನೆಯ ಸುತ್ತು. ಡ್ರಾ ಆದರೂ ಅಣ್ಣನಿಗೆ ಮಾಸ್ಟರ್ ಪಟ್ಟ. ಎದುರಿಗೆ ಕಪ್ಪು ಕಾಯಿ ಹಿಡಿದು ಕೂರುವವನು ಹತ್ತು ವರ್ಷದಿಂದ ಗ್ರ್ಯಾಂಡ್‌ಮಾಸ್ಟರ್ ಆಡಿದ ಇದೇ ರಕ್ಷಣೆಯ ಆಟ ಆಡಿಕೊಂಡು ಬಂದವನು. ಬಲಿ ಕೊಟ್ಟ ಕಾಯಿಯನ್ನು ಮುಟ್ಟದವನು ಎಂದೇ ಹೆಸರಾದವನು, ಜೊತೆಗೆ ಇವತ್ತಿನ ಪತ್ರಿಕೆಯನ್ನೂ ಓದಿರುವವನು. ಅವನು ತಿನ್ನುವುದಿಲ್ಲ, ಸರಿಯುತ್ತಾನೆ.

ಸೋಲಲಿ, ಎಂದುಕೊಂಡಳು. ನಾನೊಬ್ಬನೇ ಎಂದವನು ಒಬ್ಬನೇ ಸೋಲಲಿ. ಆ ಯೋಚನೆಯನ್ನು ಮಧ್ಯಾಹ್ನವೆಲ್ಲ ಬೆಚ್ಚಗೆ ಅವಚಿಕೊಂಡು ಕೂತಳು. ಮಗು ಎದ್ದು ಹಾಲು ಕುಡಿದು ಮತ್ತೆ ಮಲಗಿತು. ಅವಳು ಮೂಗಿಗೆ ಬೆರಳಿಟ್ಟು ನೋಡಿದಳು, ಚಿಲಕ ಮುಟ್ಟಿದಳು, ಮತ್ತೆ ಬಂದು ಫೋನಿನ ಪಕ್ಕ ಕೂತಳು.

ಅಂಗಡಿಯಲ್ಲಿ ಒಮ್ಮೆ ಗಿರಾಕಿಯೊಬ್ಬ ಎಲ್ಲರೆದುರು ಅವಳಿಗೆ ಬಾಯಿಗೆ ಬಂದಂತೆ ಬೈದು ಹೋಗಿದ್ದ. ಅವನು ಹೋದ ಮೇಲೆ ನೋಡಿಕೊಂಡರೆ, ಗಡಿಬಿಡಿಯಲ್ಲಿ ದುಪ್ಪಟ್ಟು ಶಕ್ತಿಯ ಮಾತ್ರೆ ಕೊಟ್ಟುಬಿಟ್ಟಿದ್ದಳು. ಕಣ್ಣೀರು ಒರೆಸಿಕೊಳ್ಳುತ್ತಿದ್ದವಳ ಮುಂದೆ ಅಂಗಡಿಯ ದೊಡ್ಡ ಸಾರ್ ಫೋನು ತಂದಿಟ್ಟಿದ್ದರು. "ಸಿಟ್ಟಿದ್ರೆ ಆಮೇಲೆ ಬೈಕೋಮ್ಮ. ಮೊದಲು ಫೋನ್ ಮಾಡು. ಏನು ತಪ್ಪಾಗಿದೆ ಅಂತ ಹೇಳು, ಅಷ್ಟೇ. ಬದಲಿಗೆ ಏನು ತಗೋಬೇಕು ಅನ್ನೋದು ನಮ್ಮ ಕೆಲಸ ಅಲ್ಲ."

ಕಾರ್ಕ್ ಕೂಡ ಅವಳ ಕೈಯಿಂದ ಹೋದ ಮಾತ್ರೆಯೇ. ಅದರೊಳಗಿನ ತಪ್ಪೂ ಅವಳದೇ.

ಫೋನಿನ ಟವೆಲು ಬಿಚ್ಚಿ, ಅಣ್ಣ ಅಮ್ಮನಿಗೆ ಬರೆದುಕೊಟ್ಟಿದ್ದ ಲಾಡ್ಜಿನ ನಂಬರು ತಿರುಗಿಸಿದಳು.

"ಗ್ರ್ಯಾಂಡ್‌ಮಾಸ್ಟರ್‌ನ ಸೋಲಿಸಿದೋರಾ? ಬೆಳಗ್ಗೆಯಿಂದ ಅವರಿಗೇ ಫೋನು," ಎಂದ ಲಾಡ್ಜಿನವನು. "ತಾವ್ಯಾರು?"

"ತಂಗಿ."

ಕೊಠಡಿಗೆ ಕನೆಕ್ಷನ್ ಸಿಕ್ಕಿತು. "ಇರುವೇ," ಎಂದ ಅಣ್ಣ. "ನಾನೇ ಮಾಡೋಣ ಅಂತಿದ್ದೆ ಕಣೆ. ಆ ಪೇಪರ್‌ನೋನು ಏನೇನೋ ಬರ್ಕೊಂಡಿದಾನೆ, ನಾನು ಹೇಳಿದ್ದು ಹಾಗಲ್ಲ..."

"ಬೋರ್ಡ್ ಇದ್ಯಾ ಮುಂದೆ?"

"ಇದೆ."

"ಅವನು ಕಾರ್ಕ್ ತಿನ್ನಲ್ಲ. ರಾಜನ್ನ ಮೂಲೆಗೆ ಸರಿಸ್ತಾನೆ. ನೋಡ್ಕೋ."

ಆ ಕಡೆ ಕಾಯಿಗಳು ಎದ್ದು ಕೂರುವ ಸದ್ದು ಕೇಳಿತು.

"ಇದು ನೋಟ್‌ಬುಕ್ಕಲ್ಲಿ ಇರ್ಲಿಲ್ಲ," ಎಂದ ಕೊನೆಗೆ.

"ನೋಟ್‌ಬುಕ್ ನನ್ನ ಹತ್ರ ಇರ್ಲಿಲ್ಲ."

"ಇದಕ್ಕೆ ದಾರಿ ಏನಾದ್ರೂ ಕಂಡಿದ್ಯಾ ನಿಂಗೆ?"

ಅವಳು ಮಡಿಲಲ್ಲಿದ್ದ ಚೀಟಿಯ ಕೆಳಗಿನ ಸಾಲನ್ನು ನೋಡಿದಳು. "ಕಂಡಿದೆ."

"ಹೇಳು ಮತ್ತೆ."

"ನೀನೊಬ್ಬನೇ ಹುಡುಕ್ದೋನಲ್ವಾ ಅಣ್ಣ. ಇದನ್ನೂ ಹುಡುಕು." ಚೀಟಿಯನ್ನು ನಾಲ್ಕಾಗಿ ಮಡಿಸಿದಳು. "ಮತ್ತೆ, ಬರ್ತಾ ನೋಟ್‌ಬುಕ್ ತಂದ್ಕೊಡು. ನಂಗಿನ್ನೂ ಆಡೋದಿದೆ."