ಕಪ್ಪು ದಾರಕ್ಕೊಂದು ಅರ್ಜಿ

ಈ ದೇಶಕ್ಕೆ ಬಂದು ಮೂರು ತಿಂಗಳು ತುಂಬುವ ಮುಂಚೆ ನನ್ನ ಕೈಗೊಂದು ಅರ್ಜಿ ಕೊಟ್ಟರು. ಅದರ ಎರಡನೇ ಪ್ರಶ್ನೆ ಹೀಗಿತ್ತು: 'ನೀವು ಧರಿಸಿರುವ ವಸ್ತು ಯಾವ ಧರ್ಮಕ್ಕೆ ಸೇರಿದ್ದು?'

ನನ್ನ ಧರ್ಮ ಕೇಳಿದ್ದರೆ ಕಷ್ಟವಿರಲಿಲ್ಲ. ಐವತ್ತೊಂದು ವರ್ಷದಲ್ಲಿ ಎಷ್ಟೋ ಅರ್ಜಿಗಳಲ್ಲಿ ಬರೆದಿದ್ದೇನೆ, ಕೈ ತಾನಾಗಿಯೇ ಬರೆಯುತ್ತದೆ. ಆದರೆ ನನ್ನ ಬಲ ರಟ್ಟೆಯಲ್ಲಿ ಕಪ್ಪು ದಾರದಿಂದ ಕಟ್ಟಿರುವ ಬೆರಳುದ್ದದ ತಾಯಿತಕ್ಕೆ ಯಾವ ಧರ್ಮ? ವಸ್ತುವಿನ ಧರ್ಮ ಕೇಳಿದವರು ಇವರೇ ಮೊದಲು ಎಂದು ಬರೆಯಲು ಹೊರಟಿದ್ದೆ. ಅದು ಸುಳ್ಳು. ಮೊದಲು ಕೇಳಿದವಳು ಒಬ್ಬ ಹುಡುಗಿ, ಚಿಂತಾಮಣಿಯಲ್ಲಿ. ಅವಳ ವಿಷಯಕ್ಕೆ ಬರುತ್ತೇನೆ; ಬರಲು ಮನಸ್ಸಿಲ್ಲದೆ ಸ್ವಲ್ಪ ಸುತ್ತಿ ಬರುತ್ತೇನೆ.

ನನ್ನ ಹೆಂಡತಿ ಮಂಜುಳಾ ನರ್ಸು. ಚಿಕ್ಕಬಳ್ಳಾಪುರದ ಆಸ್ಪತ್ರೆಯೊಂದರಲ್ಲಿ ಇಪ್ಪತ್ತು ವರ್ಷ ದುಡಿದು, ನಲವತ್ತಾರನೇ ವಯಸ್ಸಿಗೆ ಇಂಗ್ಲಿಷ್ ಪರೀಕ್ಷೆ ಬರೆದು, ಇಂಗ್ಲೆಂಡಿನ ಉತ್ತರದ ಈ ಸಣ್ಣ ಊರಿನ ವೃದ್ಧಾಶ್ರಮದಲ್ಲಿ ಕೆಲಸ ಗಿಟ್ಟಿಸಿಕೊಂಡಳು. ನಾನು ಅವಳ ವೀಸಾದ ಬಾಲ. ಕಾಗದದಲ್ಲಿ ನನ್ನನ್ನು 'ಡಿಪೆಂಡೆಂಟ್' ಎನ್ನುತ್ತಾರೆ, ಅಂದರೆ ಅವಲಂಬಿತ. ಇದರಲ್ಲಿ ಹೊಸದೇನೂ ಇಲ್ಲ. ಮದುವೆಯಾದಾಗಿನಿಂದ ಹಾಗೇ ಇದ್ದೇನೆ, ಈಗ ಸರ್ಕಾರ ಮುದ್ರೆ ಒತ್ತಿದೆ. ಚಿಂತಾಮಣಿಯ ಒಂದು ಕಾಲೇಜಿನಲ್ಲಿ ಗುಮಾಸ್ತನಾಗಿದ್ದವನು ಈಗ ಅದೇ ವೃದ್ಧಾಶ್ರಮದಲ್ಲಿ ಅಜ್ಜಂದಿರಿಗೆ ಸ್ನಾನ ಮಾಡಿಸುತ್ತೇನೆ, ಗಡ್ಡ ಹೆರೆಯುತ್ತೇನೆ, ಗಂಜಿಯಂಥದ್ದನ್ನು ಚಮಚದಲ್ಲಿ ಉಣಿಸುತ್ತೇನೆ. ಮೊದಲ ವಾರ ಪ್ರತಿ ಅಜ್ಜನೂ ನನ್ನ ಕೈಯಲ್ಲೇ ಜಾರಿ ಬೀಳುತ್ತಾನೆಂದು ಹೆದರಿ ಸತ್ತೆ. ಯಾರೂ ಬೀಳಲಿಲ್ಲ. ಒದ್ದೆ ನೆಲದಲ್ಲಿ ನಾನೇ ಒಮ್ಮೆ ಬಿದ್ದೆ.

ಇಲ್ಲಿ ಬಸ್ಸಿನ ಡ್ರೈವರ್ ನನ್ನನ್ನು 'ಲವ್' ಎನ್ನುತ್ತಾನೆ. ಮೊದಲ ದಿನ ಗಾಬರಿಯಾಗಿ ಮನೆಗೆ ಬಂದು ಹೇಳಿದೆ. "ಅವ್ರು ಎಲ್ರಿಗೂ ಅಂತಾರೆ ರೀ, ನಿಮ್ಮನ್ ನೋಡಿ ಅಂದಿದ್ದಲ್ಲ," ಎಂದಳು ಮಂಜುಳಾ. ನಮ್ಮ ಕಡೆ ಕೂಸಿಗೂ 'ಬಾರಪ್ಪ', 'ಬಾರಮ್ಮ' ಎನ್ನುವುದಿಲ್ಲವೇ, ಹಾಗೆ. 'ಟೀ' ಎಂದರೆ ಇಲ್ಲಿ ಸಂಜೆಯ ಊಟ. ಕುಡಿಯುವ ಟೀಗೆ 'ಬ್ರೂ' ಎನ್ನಬೇಕು. ಸ್ನಾನದ ಮನೆಗೂ ಕಾರ್ಪೆಟ್ ಹಾಸಿರುವ ಬಾಡಿಗೆ ಮನೆಯಲ್ಲಿ ಚೊಂಬಿನಿಂದ ಒಂದು ಹನಿ ಚೆಲ್ಲದಂತೆ ಮೈ ತೊಳೆಯುವ ವಿದ್ಯೆ ಕಲಿತಿದ್ದೇನೆ. ಎರಡು ಬಸ್ಸು ಬದಲಿಸಿದರೆ ಗುಜರಾತಿನವರ ಅಂಗಡಿಯಲ್ಲಿ 'ನಾಗ್ಲಿ' ಹೆಸರಿನಲ್ಲಿ ರಾಗಿ ಹಿಟ್ಟು ಸಿಗುತ್ತದೆ. ಅದನ್ನು ಕಂಡುಹಿಡಿದ ಭಾನುವಾರ ಮುದ್ದೆ ಕೂಡಿಸಿ ತಿಂದು, ಇನ್ನು ಇಲ್ಲಿ ಬದುಕಬಹುದು ಎಂದುಕೊಂಡೆ. ಸೋಮವಾರ ಅರ್ಜಿ ಬಂತು.

ಅರ್ಜಿ ಬರಲು ಕಾರಣವಿತ್ತು. ವೃದ್ಧಾಶ್ರಮದಲ್ಲಿ ಸೋಂಕು ಹರಡಬಾರದೆಂದು ಹೊಸ ಉಡುಪಿನ ನಿಯಮ ಮಾಡಿದ್ದರು. ಸಮವಸ್ತ್ರದ ಗಿಡ್ಡ ತೋಳಿನಿಂದ ಕೆಳಕ್ಕೆ ಏನೂ ಇರಕೂಡದು: ಬಳೆ, ಗಡಿಯಾರ, ದಾರ, ಏನೂ. ಧರ್ಮಕ್ಕೆ ಸಂಬಂಧಪಟ್ಟದ್ದಾದರೆ ಅರ್ಜಿ ಹಾಕಿ ವಿನಾಯಿತಿ ಕೇಳಬಹುದು. ನಮ್ಮ ಮ್ಯಾನೇಜರ್ ಕ್ಯಾರೊಲ್, ಸದಾ ನಿದ್ದೆಗೆಟ್ಟ ಕಣ್ಣಿನ ಒಳ್ಳೆಯ ಹೆಂಗಸು, ಎಲ್ಲರನ್ನೂ ಕೂರಿಸಿ ಇದನ್ನು ಓದಿದಳು. ಒಂದು ಗಂಟೆ ಚರ್ಚೆಯಾಯಿತು. ಶಿಲುಬೆಯನ್ನು ಅಂಗಿಯೊಳಗೆ ಪಿನ್ನು ಹಾಕಿಕೊಂಡರೆ ಆಗುತ್ತದೆಯೇ? ಸರ್ದಾರರ ಕೈಯ ಕಡಗ ಮೇಲೆ ಸರಿಸಿದರೆ ಸಾಕೇ? ಅಡುಗೆಮನೆಯ ಒಬ್ಬ ಎದ್ದು, "ನನಗೆ ದೇವರಿಲ್ಲ. ನನಗಿರುವುದು ನನ್ನ ಫುಟ್ಬಾಲ್ ತಂಡ. ಅದರ ಕೈಪಟ್ಟಿ ಬಿಡುತ್ತೀರಾ?" ಎಂದ. ನಕ್ಕರು. ಅವನು ನಗಲಿಲ್ಲ. "ನಂಬಿಕೆ ಇದ್ದವರಿಗೆ ಒಂದು ಕಾನೂನು, ಇಲ್ಲದವರಿಗೆ ಒಂದು ಕಾನೂನಾ?" ಎಂದ. ಅವನ ಮಾತಿನಲ್ಲೂ ನ್ಯಾಯವಿದೆ ಅನ್ನಿಸಿತು. ನನ್ನ ತೊಂದರೆಯೇ ಇದು, ಯಾರು ಮಾತಾಡಿದರೂ ಅವರದ್ದು ನ್ಯಾಯ ಅನ್ನಿಸುತ್ತದೆ.

ನನ್ನ ಜೊತೆ ಕೆಲಸ ಮಾಡುವ ಶಾಜಿಯಾ ತಲೆಗೆ ವಸ್ತ್ರ ಕಟ್ಟುವವಳು. ಅವಳ ಅಪ್ಪ ಪಾಕಿಸ್ತಾನದಿಂದ ಬಂದವರು, ಅವಳು ಹುಟ್ಟಿದ್ದು ಇಲ್ಲೇ. ರೇಷ್ಮೆ ಗೂಡಿನ ಮಾರ್ಕೆಟ್ಟಿನಲ್ಲಿ ಗೂಡು ಕೊಂಡು ನೂಲು ತೆಗೆಯುವ ಶಿಡ್ಲಘಟ್ಟದ ರೀಲರುಗಳಿಂದ ಕಲಿತ ನನ್ನ ಉರ್ದು ಕೇಳಿದರೆ ಅವಳಿಗೆ ನಗು. 'ನಕ್ಕೊ' ಅಂದರೆ ಬೇಡ ಎಂದು ಹೇಳಿಕೊಟ್ಟ ಮೇಲೆ ದಿನಕ್ಕೆ ಹತ್ತು ಸಲ ನನಗೇ ಅನ್ನುತ್ತಾಳೆ. ಅವಳ ಅರ್ಜಿ ಎರಡೇ ದಿನದಲ್ಲಿ ಒಪ್ಪಿಗೆಯಾಯಿತು: ತಲೆಗೆ ಆಶ್ರಮವೇ ಕೊಡುವ ಗಿಡ್ಡ ವಸ್ತ್ರ, ತೋಳಿಗೆ ಒಮ್ಮೆ ಹಾಕಿ ಬಿಸಾಡುವ ಪ್ಲಾಸ್ಟಿಕ್ ತೋಳು. ಉಳಿದದ್ದು ನಾನು.

ತಾಯಿತದ ಕಥೆ ಇಷ್ಟೇ. ಚಿಕ್ಕವನಿದ್ದಾಗ ನಿದ್ದೆಯಲ್ಲಿ ಬೆಚ್ಚಿಬಿದ್ದು ಅಳುತ್ತಿದ್ದೆನಂತೆ. ಸಾದಲಿಯ ನಮ್ಮ ಮನೆಯಲ್ಲಿ ಇದ್ದಬದ್ದ ದೇವರಿಗೆಲ್ಲ ಹರಕೆಯಾಗಿ, ಕೊನೆಗೆ ಅಮ್ಮ ನನ್ನನ್ನು ಚಿಂತಾಮಣಿ ಆಚೆಯ ದರ್ಗಾಕ್ಕೆ ಕರೆದುಕೊಂಡು ಹೋಗಿ ಕಟ್ಟಿಸಿದಳು. ನಮ್ಮ ಕಡೆ ಇದು ದೊಡ್ಡ ಸಂಗತಿಯಲ್ಲ. ಜ್ವರಕ್ಕೆ ಡಾಕ್ಟರು, ಹೆದರಿಕೆಗೆ ದರ್ಗಾ. ದಾರ ಸವೆದಾಗಲೆಲ್ಲ ಅಮ್ಮ ಹೊಸದು ಕಟ್ಟುತ್ತಾಳೆ. ವಿಮಾನ ಹತ್ತುವ ಹಿಂದಿನ ದಿನವೂ ಕಟ್ಟಿದಳು, ನಾನು ಅಲ್ಲೆಲ್ಲೋ ಬಿಚ್ಚಿಬಿಟ್ಟೇನೆಂದು ಗಂಟಿನ ಮೇಲೆ ಗಂಟು ಹಾಕಿ. ನಿದ್ದೆಯಲ್ಲಿ ಬೆಚ್ಚುವುದೇನೋ ನಿಂತಿದೆ. ಹಗಲು ಹೊತ್ತು ಬೆಚ್ಚುವುದಕ್ಕೆ ತಾಯಿತ ಇಲ್ಲವೆಂದು ಕಾಣುತ್ತದೆ.

ಈಗ ಆ ಹುಡುಗಿ. ನಾನಿದ್ದ ಕಾಲೇಜಿನಲ್ಲಿ ತಲೆವಸ್ತ್ರದ ಗಲಾಟೆಯ ದಿನಗಳು. ಬೆಳಿಗ್ಗೆ ಗೇಟಿನಲ್ಲಿ ನಿಲ್ಲಲು ನನಗೆ ಹೇಳಿದ್ದರು. ಕೇಸರಿ ಶಾಲು ಹಾಕಿಕೊಂಡು ಬಂದ ಹುಡುಗರಿಂದ ಶಾಲು ತೆಗೆಸಿ ಗೋಣಿಚೀಲಕ್ಕೆ ತುಂಬಬೇಕು. ತಲೆವಸ್ತ್ರದ ಹುಡುಗಿಯರಿಗೆ ಪಕ್ಕದ ಕೋಣೆ ತೋರಿಸಬೇಕು. ಹುಡುಗರು ಕೂಗಾಡಿ ಕೊಟ್ಟರು, ಸಂಜೆ ಚೀಲದಿಂದ ಎತ್ತಿಕೊಂಡು ಹೋದರು. ಸುರಯ್ಯಾ ಎಂಬ ಹುಡುಗಿ ಮಾತ್ರ ಕದಲದೆ ನಿಂತಳು. ಶಿಡ್ಲಘಟ್ಟದ ರೀಲರೊಬ್ಬರ ಮಗಳು, ಎರಡನೇ ಪಿಯುಸಿ.

"ಐದ್ ನಿಮಿಷದ್ ಕೆಲ್ಸ ಕಣಮ್ಮಾ," ಎಂದೆ. "ಒಳ್ಗಡೆ ರೂಮೈತೆ. ತೆಗ್ದು ಬ್ಯಾಗಲ್ಲಿಟ್ಕೊಂಡ್ ಹೋಗು."

ಅವಳು ನನ್ನ ಮುಖ ನೋಡಲಿಲ್ಲ. ಅರ್ಧ ತೋಳಿನ ಅಂಗಿಯ ಕೆಳಗೆ ಇಣುಕುತ್ತಿದ್ದ ದಾರ ನೋಡಿದಳು.

"ಅದೇನ್ ಸಾರ್ ಕಟ್ಕೊಂಡಿರೋದು?"

"ತಾಯಿತ."

"ಯಾರ್ದು ಸಾರ್?"

ನಾನು ಅಂಗಿಯ ತೋಳನ್ನು ಕೆಳಕ್ಕೆ ಎಳೆದುಕೊಂಡೆ.

"ನಮ್ಮಜ್ಜಿಗೂ ಇಂಥದ್ದೇ ಐತೆ ಸಾರ್," ಎಂದಳು. ಕೊಂಕಿರಲಿಲ್ಲ ಅದರಲ್ಲಿ. ಇದ್ದಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು.

"ನಡಿಯಮ್ಮ, ಟೈಮಾಯ್ತು," ಎಂದೆ. ಅವಳು ಬಸ್ ಸ್ಟ್ಯಾಂಡಿನ ಕಡೆ ನಡೆದಳು. ಒಂದು ತಿಂಗಳಾದ ಮೇಲೆ ಅವಳ ಅಪ್ಪ ಬಂದು ವರ್ಗಾವಣೆ ಪತ್ರ ಕೇಳಿದರು. ಬರೆದುಕೊಟ್ಟವನು ನಾನೇ, ಒಂದು ಚಿತ್ತು ಕಾಟು ಇಲ್ಲದೆ. ಅದರಲ್ಲೂ ಧರ್ಮದ ಕಾಲಂ ಇದೆ. 'ನಡತೆ: ಉತ್ತಮ' ಎಂದು ಬರೆದೆ. ಮುಂದೆ ಅವಳು ಎಲ್ಲಿ ಓದಿದಳೋ, ಓದಿದಳೋ ಇಲ್ಲವೋ ಗೊತ್ತಿಲ್ಲ.

ಅದೇ ಪ್ರಶ್ನೆ ಈಗ ಏಳು ಸಮುದ್ರ ದಾಟಿ, ಅಚ್ಚಾಗಿ, ನನ್ನ ಅಡುಗೆಮನೆಯ ಮೇಜಿನ ಮೇಲೆ ಬಂದು ಕೂತಿತ್ತು. ಇನ್ನೂ ಖಾಯಂ ಆಗದ ನೌಕರ ನಾನು. ಸುಳ್ಳು ಬರೆದು ಸಿಕ್ಕಿಬಿದ್ದರೆ? ನಿಜ ಬರೆದು ಕೆಲಸ ಹೋದರೆ? ಮೂರು ದಿನ ಇದೇ ಯೋಚನೆಯಲ್ಲಿ ಸಾರಿಗೆ ಉಪ್ಪು ಎರಡೆರಡು ಸಲ ಹಾಕಿದೆ.

"ಹಿಂದೂ ಅಂತ ಬರ್ದು ಬಿಸಾಕ್ರೀ," ಎಂದಳು ಮಂಜುಳಾ. "ಅವ್ರೇನ್ ಸಾದ್ಲಿಗ್ ಹೋಗಿ ವಿಚಾರಿಸ್ತಾರಾ?"

ತಮ್ಮನಿಗೆ ಫೋನು ಮಾಡಿದೆ. "ಆಂಜನೇಯಂದು ಅನ್ನಣ್ಣ," ಎಂದ. ಆಮೇಲೆ ದನಿ ತಗ್ಗಿಸಿ, "ಅಲ್ಲೀದು ಅಂತ ಮಾತ್ರ ಎಲ್ಲೂ ಬಾಯ್ ಬಿಡ್ಬೇಡ. ಈಗ ಮೊದ್ಲಿನಂಗಿಲ್ಲ ಇಲ್ಲಿ. ನಮ್ ಹುಡುಗ್ರೇ ಕೇಳ್ತಾರೆ, ದೊಡ್ಡಪ್ಪ ಅದ್ಯಾಕ್ ಕಟ್ಕೊಂಡಿರೋದು ಅಂತ."

ಶಾಜಿಯಾ ಕನಿಕರದಿಂದಲೇ ತಲೆಯಾಡಿಸಿದಳು. "ನಮ್ಮದು ಅಂತ ಬರೆಯಬೇಡಿ ಅಂಕಲ್. ನಮ್ಮಲ್ಲಿ ತಾಯಿತ ಕಟ್ಟಬಾರದು. ದೇವರೊಬ್ಬನನ್ನೇ ನಂಬಬೇಕು, ದಾರವನ್ನಲ್ಲ."

ಹೀಗೆ ಅವರದ್ದೂ ಅಲ್ಲ, ನಮ್ಮದೂ ಅಲ್ಲ ಎಂದು ಎರಡು ಕಡೆಯವರೂ ಒಮ್ಮತದಿಂದ ತೀರ್ಮಾನಿಸಿದರು. ನನ್ನ ಕಾಲದಲ್ಲಿ ಇವರಿಬ್ಬರು ಒಪ್ಪಿದ್ದು ನಾನು ಕಂಡದ್ದು ಇದೊಂದೇ ವಿಷಯದಲ್ಲಿ.

ಕೊನೆಗೆ ಅಮ್ಮನ ಕೈಗೆ ಫೋನು ಕೊಡಿಸಿಕೊಂಡೆ. "ತೆಗೀಬೇಕಾಗ್ಬೋದಮ್ಮ," ಎಂದೆ.

"ಏಂ ಕಾದುಲೇ," ಎಂದಳು. ಧೈರ್ಯ ಹೇಳುವಾಗ ಅವಳಿಗೆ ತೆಲುಗೇ ಬರುವುದು, ಏನೂ ಆಗಲ್ಲ ಬಿಡು ಎಂದು. "ಅದೇನ್ ನಿಂಗ್ ಅಂತ ಕಟ್ಸಿದ್ದೇನಪ್ಪಾ? ನೀನ್ ಎದ್ದೆದ್ದು ಅಳ್ತಿದ್ದೆ, ನಂಗ್ ನಿದ್ದೆ ಇರ್ಲಿಲ್ಲ. ನಾನ್ ಮಲ್ಗೋಕ್ಕೆ ಕಟ್ಸಿದ್ದು."

ಆ ಸಂಜೆ ಅರ್ಜಿ ತುಂಬಿದೆ. ವಸ್ತು: ತಾಯಿತ. ಯಾವ ಧರ್ಮಕ್ಕೆ ಸೇರಿದ್ದು: ಕಟ್ಟಿಕೊಂಡವನು ಹಿಂದೂ, ಕಟ್ಟಿದ ಜಾಗ ಮುಸ್ಲಿಂ ಸಂತರ ಸಮಾಧಿ. ನಿಮ್ಮ ಧರ್ಮದಲ್ಲಿ ಇದು ಕಡ್ಡಾಯವೇ: ಇಲ್ಲ, ಯಾರ ಧರ್ಮದಲ್ಲೂ ಇಲ್ಲ. ಧರಿಸಲು ಕಾರಣ: ಚಿಕ್ಕಂದಿನಲ್ಲಿ ಹೆದರುತ್ತಿದ್ದೆ, ತಾಯಿಗೆ ನಿದ್ದೆ ಇರಲಿಲ್ಲ. ಗುಮಾಸ್ತಿಕೆಯಲ್ಲಿ ನಾನು ಬರೆದ ಸಾವಿರಾರು ಕಾಗದಗಳಲ್ಲಿ ಇಷ್ಟು ನಿಜವಾದದ್ದು ಇನ್ನೊಂದಿಲ್ಲ.

ಕ್ಯಾರೊಲ್ ಅದನ್ನು ಎರಡು ಸಲ ಓದಿದಳು. ಕನ್ನಡಕ ತೆಗೆದು ಮೇಜಿನ ಮೇಲಿಟ್ಟಳು. "ಧರ್ಮದ್ದು ಅಂತ ನೀವೇ ಹೇಳಿದ್ದರೆ ನಾನು ಏನಾದರೂ ಮಾಡಬಹುದಿತ್ತು, ಲವ್. ಅಲ್ಲ ಅಂತ ನೀವೇ ಬರೆದಿದ್ದೀರಿ. ಹೆದರಿಕೆಗೆ ನನ್ನ ಹತ್ತಿರ ಕಾಲಂ ಇಲ್ಲ." ಆಮೇಲೆ ಸಮಾಧಾನ ಮಾಡುವಂತೆ, "ಕೆಲಸದ ಹೊತ್ತಿಗೆ ಬಿಚ್ಚಿ ಲಾಕರಿನಲ್ಲಿಡಿ, ಆಮೇಲೆ ಕಟ್ಟಿಕೊಳ್ಳಿ. ಎಷ್ಟು ಹೊತ್ತಿನ ಕೆಲಸ? ಐದು ನಿಮಿಷ."

ತಲೆಯಾಡಿಸಿ ಎದ್ದೆ. ಅಲ್ಲವೆನ್ನಲು ನನಗೆ ಯಾವ ಮುಖವಿತ್ತು?

ಬಿಚ್ಚುವುದು ಐದು ನಿಮಿಷದ ಕೆಲಸವಲ್ಲ. ಅಮ್ಮನ ಗಂಟು ಉಗುರಿಗೆ ಬಗ್ಗಲಿಲ್ಲ, ಹಲ್ಲಿಗೆ ಎಟುಕಲಿಲ್ಲ. ಬ್ಯಾಂಡೇಜು ಕತ್ತರಿಸುವ ಕತ್ತರಿಯಿಂದ ಮಂಜುಳಾಳೇ ಕತ್ತರಿಸಿದಳು. ದಾರದ ಜಾಗದಲ್ಲಿ ಚರ್ಮ ಎಳೆಗೂಸಿನದ್ದರ ಹಾಗೆ ಬಿಳಿಚಿಕೊಂಡಿತ್ತು. ಆ ದಿನ ಸ್ನಾನ ಮಾಡಿಸುವಾಗ ಒಬ್ಬ ಅಜ್ಜ ಅದನ್ನು ಬೆರಳಿನಿಂದ ಮುಟ್ಟಿ, "ಇಲ್ಲೇನೋ ಇತ್ತಲ್ಲ," ಎಂದ. ನಿನ್ನೆಯ ಊಟ ನೆನಪಿಲ್ಲದ ಅಜ್ಜ.

ಮಾರನೆಯ ವಾರ, ಕೆಲಸ ಮುಗಿದ ಮೇಲೆ ಕಟ್ಟಿಕೊಳ್ಳೋಣವೆಂದು, ಹೊಸ ದಾರಕ್ಕೆ ತಾಯಿತ ಪೋಣಿಸಿಕೊಂಡು ಹೋದೆ. ಆಗ ತಿಳಿದದ್ದು, ಬಲ ರಟ್ಟೆಗೆ ದಾರವನ್ನು ಒಬ್ಬನೇ ಕಟ್ಟಿಕೊಳ್ಳಲಾಗದು. ಒಂದು ತುದಿ ಹಲ್ಲಿನಲ್ಲಿ ಕಚ್ಚಿ ಎಳೆದರೆ ಇನ್ನೊಂದು ಜಾರುತ್ತದೆ. ಸಿಬ್ಬಂದಿ ಕೋಣೆಯಲ್ಲಿ ಕುತ್ತಿಗೆ ಸೊಟ್ಟ ಮಾಡಿಕೊಂಡು ಹೆಣಗುತ್ತಿದ್ದಾಗ ಶಾಜಿಯಾ ಬಂದಳು. ಪ್ಲಾಸ್ಟಿಕ್ ತೋಳುಗಳನ್ನು ಕಿತ್ತು ಬುಟ್ಟಿಗೆ ಹಾಕಿದಳು, ನೋಡಿದಳು, ನಿಟ್ಟುಸಿರು ಬಿಟ್ಟಳು.

"ನಾನು ಕಟ್ಟುವುದಿಲ್ಲ ಅಂಕಲ್. ನನಗೆ ಅದು ತಪ್ಪು," ಎಂದು ತೋರುಬೆರಳನ್ನು ಗಂಟಿನ ಮೇಲಿಟ್ಟಳು. "ಹಿಡಿದುಕೊಳ್ಳುತ್ತೇನೆ, ಅಷ್ಟೇ. ಕಟ್ಟುವವರು ನೀವು."

ಈಗ ಕೆಲಸ ಒಟ್ಟಿಗೆ ಮುಗಿದ ದಿನಗಳಲ್ಲೆಲ್ಲ ಹೀಗೇ. ಅವಳು ಬೆರಳಿಡುತ್ತಾಳೆ, ನಾನು ಕಟ್ಟುತ್ತೇನೆ, ಅವಳು ಮುಖ ಬೇರೆ ಕಡೆ ತಿರುಗಿಸಿರುತ್ತಾಳೆ. ಆಮೇಲೆ ಕನ್ನಡಿಯ ಮುಂದೆ ಆಶ್ರಮದ ಗಿಡ್ಡ ವಸ್ತ್ರ ತೆಗೆದು ತನ್ನದನ್ನು ಸುತ್ತಿ ಪಿನ್ನು ಹಾಕಿಕೊಳ್ಳುತ್ತಾಳೆ. ಸುಮ್ಮನೆ ಗಡಿಯಾರ ನೋಡಿದ್ದೇನೆ. ಹನ್ನೆರಡು ನಿಮಿಷ ಹಿಡಿಯುತ್ತದೆ. ಅಷ್ಟರಲ್ಲಿ ಬಸ್ಸು ಹೋಗಿರುತ್ತದೆ.

ಮುಂದಿನ ಬಸ್ಸಿಗೆ ಕಾಯುತ್ತ ಕೂರುತ್ತೇವೆ. ಮುಂದಿನ ವರ್ಷ ಊರಿಗೆ ಹೋದಾಗ ತಮ್ಮನ ಮಕ್ಕಳ ಮುಂದೆ ತುಂಬು ತೋಳಿನ ಅಂಗಿ ಹಾಕಬೇಕೋ ಏನೋ ಎಂದು ಈಗಿನಿಂದಲೇ ಚಿಂತೆ ಹಚ್ಚಿಕೊಂಡಿದ್ದೇನೆ. ಅಲ್ಲಿ ಮುಚ್ಚಿಕೊಳ್ಳಬೇಕು, ಇಲ್ಲಿ ಬಿಚ್ಚಿಡಬೇಕು. ಯಾರೂ ಏನೂ ಕೇಳದ ಜಾಗವೆಂದರೆ ಈ ಬಸ್ ಸ್ಟಾಪು ಒಂದೇ. ಇಲ್ಲೂ ಚಳಿಗೆ ಮೇಲೆ ಕೋಟು ಇರುತ್ತದೆ, ತಾಯಿತ ಕಾಣುವುದಿಲ್ಲ. ಯಾರ್ದು ಸಾರ್ ಎಂದು ಈಗ ಕೇಳಿದರೆ ಹೇಳಬಲ್ಲೆ. ಕೇಳಿದವಳು ಚಿಂತಾಮಣಿಯಲ್ಲಿ ಅಂದೇ ಬಸ್ಸು ಹತ್ತಿ ಹೋಗಿದ್ದಾಳೆ.